ಖಳನಾಯಕರ ಬಾಗಿಲಣ್ಣ

ಸಿನಿಮಾದ ಖಳನಾಯಕನಿಗೆ ಒಂದು ಗುಟ್ಟಿನ ಅಡಗುತಾಣ ಇರಲೇಬೇಕು. ಅದು ಜಲಪಾತದ ಹಿಂದೆ ಇರಬಹುದು, ಮುಚ್ಚಿದ ಗಿರಣಿಯ ನೆಲಮಾಳಿಗೆಯಲ್ಲಿ ಇರಬಹುದು, ಬೊಂಬೆ ಅಂಗಡಿಯ ಕಪಾಟಿನ ಹಿಂದೆ ಇರಬಹುದು. ಯಾರಿಗೂ ಗೊತ್ತಾಗದ ಜಾಗ ಅದು. ಯಾರಿಗೂ ಗೊತ್ತಾಗಬಾರದು ಅಂತಲೇ ಬಾಗಿಲ ಮುಂದೆ ಕಪ್ಪು ಬಟ್ಟೆ ತೊಟ್ಟ ಒಬ್ಬ ಆಸಾಮಿ ಉದ್ದನೆಯ ಬಂದೂಕು ಹಿಡಿದು ನಿಂತಿರುತ್ತಾನೆ. ನಾಯಕ ಹಿಂದಿನಿಂದ ಬೆಕ್ಕಿನ ಹಾಗೆ ಬಂದು, ಅಂಗೈಯ ಅಂಚಿನಿಂದ ಅವನ ಕತ್ತಿಗೆ ಒಂದು ಬಿಡುತ್ತಾನೆ. ಆಸಾಮಿ ಬೀಳುತ್ತಾನೆ. ನಾಯಕ ಅವನನ್ನು ದಾಟಿಕೊಂಡು ಒಳಗೆ ಹೋಗುತ್ತಾನೆ. ನಾವೂ ನಾಯಕನ ಬೆನ್ನಿಗೇ ಒಳಗೆ ಹೋಗಿಬಿಡುತ್ತೇವೆ. ಬಿದ್ದವನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಆ ಬಿದ್ದವನೇ ನಮ್ಮ ಬಾಗಿಲಣ್ಣ.

ಅವನು ಸ್ಟುಡಿಯೋಕ್ಕೆ ಬಂದದ್ದು ಬೀಳುವುದಕ್ಕಲ್ಲ, ಟೀ ಕೊಡುವುದಕ್ಕೆ. ಅಲ್ಲಿನ ಕ್ಯಾಂಟೀನಿನಲ್ಲಿ ಲೋಟಗಳ ತಟ್ಟೆ ಹೊತ್ತುಕೊಂಡು ಸೆಟ್ಟಿನಿಂದ ಸೆಟ್ಟಿಗೆ ಓಡಾಡುವ ಕೆಲಸ. ಕ್ಯಾಂಟೀನಿನ ಯಜಮಾನ ಎಲ್ಲವನ್ನೂ ಸಹಿಸುತ್ತಿದ್ದ, ಟೀ ಚೆಲ್ಲುವುದೊಂದನ್ನು ಬಿಟ್ಟು. ತಟ್ಟೆಗೆ ಒಂದು ಹನಿ ಬಿದ್ದಿದ್ದರೂ ಕಿವಿ ಹಿಂಡುತ್ತಿದ್ದ. ಹಿಂಡಿದ ಕಿವಿ ಸಂಜೆಯವರೆಗೂ ಕೆಂಪಗೆ ಇರುತ್ತಿತ್ತು. ನೆಲದ ತುಂಬ ಹಾವಿನ ಹಾಗೆ ಬಿದ್ದಿರುವ ವೈರುಗಳನ್ನು ದಾಟಿ, ಏಣಿಗಳ ಕೆಳಗೆ ನುಸುಳಿ, ಕತ್ತಿ ಹಿಡಿದು ಓಡಿ ಬರುವ ಖಳನ ಬಂಟರಿಗೆ ದಾರಿ ಬಿಟ್ಟು, ತುಂಬಿದ ಲೋಟವನ್ನು ತುಂಬಿದ ಹಾಗೇ ತಲುಪಿಸುವುದನ್ನು ಅವನು ಕಲಿತದ್ದು ಆ ಕಿವಿಯ ದೆಸೆಯಿಂದ.

ಒಂದು ದಿನ ಅಡಗುತಾಣದ ಬಾಗಿಲು ಕಾಯಬೇಕಾದವನಿಗೆ ಜ್ವರ ಬಂತು. ಕ್ಯಾಮೆರಾ ಸಿದ್ಧವಾಗಿದೆ, ನಾಯಕ ಅವಸರ ಮಾಡುತ್ತಿದ್ದಾನೆ. ಹೊಡೆದಾಟ ಕಲಿಸುವ ಫೈಟ್ ಮಾಸ್ಟರ್ ಸುತ್ತ ನೋಡಿದರು. ಟೀ ತಟ್ಟೆ ಹಿಡಿದು ನಿಂತ ಉದ್ದನೆಯ ಆಳು ಕಣ್ಣಿಗೆ ಬಿದ್ದ.

"ಲೋ ಟೀ, ಬಾ ಇಲ್ಲಿ. ತಟ್ಟೆ ಇಡು. ಈ ಬಂದೂಕು ಹಿಡ್ಕೊಂಡು ಬಾಗಿಲಲ್ಲಿ ನಿಂತ್ಕೋ."

"ಆಮೇಲೆ?"

"ಆಮೇಲೆ ಹೀರೋ ಬಂದು ಹೊಡೀತಾನೆ. ಬೀಳು."

"ಯಾಕೆ?"

"ಯಾಕೆ ಅಂತ ಕೇಳೋ ಹಾಗಿದ್ರೆ ನೀನೇ ಹೀರೋ ಆಗಿರ್ತಿದ್ದೆ. ಬೀಳು ಅಂದ್ರೆ ಬೀಳು."

ಬಿದ್ದ. ಎಷ್ಟು ಚೆನ್ನಾಗಿ ಬಿದ್ದ ಅಂದರೆ ಜ್ವರ ಬಿಟ್ಟವನು ವಾಪಸ್ಸು ಬಂದಾಗ ಅವನಿಗೆ ಬಾಗಿಲು ಸಿಗಲಿಲ್ಲ, ಟೀ ತಟ್ಟೆ ಸಿಕ್ಕಿತು.

ಅಂದಿನಿಂದ ಬಾಗಿಲಣ್ಣ ನಿಲ್ಲದ ಅಡಗುತಾಣವಿಲ್ಲ. ಒಂದು ಗುಹೆಯಲ್ಲಿ ಬಂಡೆ ಪಕ್ಕಕ್ಕೆ ಸರಿದರೆ ಒಳಗೆ ಚಿನ್ನದ ಸಿಂಹಾಸನ. ಆ ಬಂಡೆಯನ್ನು ಎರಡು ಬೆರಳಲ್ಲಿ ಎತ್ತಬಹುದಾಗಿತ್ತು, ಥರ್ಮಾಕೋಲು. ಇನ್ನೊಂದು ಹಡಗಿನ ಹೊಟ್ಟೆಯೊಳಗೆ. ಮತ್ತೊಂದರಲ್ಲಿ ಖಳನಾಯಕ ಮೊಸಳೆಗಳ ಕೊಳದ ಪಕ್ಕ ಕೂತು ಊಟ ಮಾಡುತ್ತಿದ್ದ. ನಾಯಕರಿಗೂ ಅಡಗುತಾಣ ಇರುತ್ತಿತ್ತು, ಹಳೇ ಗ್ಯಾರೇಜೋ, ಪಾಳುಬಿದ್ದ ಗಡಿಯಾರ ಗೋಪುರವೋ. ಆದರೆ ಅಲ್ಲಿ ಬಾಗಿಲಣ್ಣನಿಗೆ ಕೆಲಸವಿಲ್ಲ. ಒಳ್ಳೆಯವರು ಕಾವಲು ಇಡುವುದಿಲ್ಲ, ಬಾಗಿಲು ತೆರೆದಿಟ್ಟುಕೊಂಡು ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತಾ ಕೂತಿರುತ್ತಾರೆ. ಹಾಗಾಗಿ ಬಾಗಿಲಣ್ಣನ ಅನ್ನ ಕೆಟ್ಟವರ ಬಾಗಿಲಲ್ಲೇ ಇತ್ತು.

ಬೀಳುವುದರಲ್ಲೂ ಕಟ್ಟಲೆಗಳಿದ್ದವು. ಎಡಕ್ಕೆ ಬೀಳಬೇಕು, ಬಂದೂಕು ಬಲಕ್ಕೆ ಹೋಗಬೇಕು. ಅದು ಮರದ್ದು, ಮುರಿದರೆ ಬಡಗಿ ಬೈಯುತ್ತಾನೆ. ನಾಯಕನ ಪ್ಯಾಂಟಿಗೆ ದೂಳು ಹಾರಬಾರದು. ನಾಯಕ ದಾಟಿಕೊಂಡು ಒಳಗೆ ಹೋಗುವವರೆಗೆ ಏಳುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಲೆ, ಮುಖ ಕಾಣಬಾರದು.

"ನಿನ್ನ ಮುಖ ನೋಡಿದ್ರೆ ಜನಕ್ಕೆ ಅಯ್ಯೋ ಪಾಪ ಅನ್ಸುತ್ತೆ ಕಣೋ," ಅಂದಿದ್ದರು ಫೈಟ್ ಮಾಸ್ಟರ್. "ಆಮೇಲೆ ಹೀರೋನ ಯಾರು ಮೆಚ್ತಾರೆ? ಬೆನ್ನು ಕೊಟ್ಟು ನಿಲ್ಲು. ಮುಖ ಕಾಣದಿದ್ರೆ ನಿನಗೂ ಒಳ್ಳೇದೇ, ಎಲ್ಲಾ ಸಿನಿಮಾದಲ್ಲೂ ಸಾಯಬಹುದು."

ಮನೆ ಮೂರನೇ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಎರಡರ ನಡುವೆ ಹೆಂಡತಿಯ ಹೊಲಿಗೆ ಯಂತ್ರ. ಬೀದಿಯವರ ಬಟ್ಟೆಗಳಿಗೆ ತೇಪೆ, ಗುಂಡಿ, ಅಂಚು ಹಾಕಿಕೊಡುವುದು ಅವಳ ಕಸುಬು. ಗಂಡನ ಕಪ್ಪು ಅಂಗಿಯ ಕಾಲರ್ ಒಮ್ಮೆ ಕಿತ್ತುಬಂದಾಗ ಕಪ್ಪು ನೂಲು ಮುಗಿದಿತ್ತು. ನೀಲಿ ನೂಲಿನಲ್ಲೇ ಹೊಲಿದು ಕಳಿಸಿದ್ದಳು. ಅದರಿಂದ ಒಂದು ಉಪಕಾರವಾಯಿತು. ಪರದೆಯ ಮೇಲೆ ಅಷ್ಟು ಜನ ಕಪ್ಪು ಅಂಗಿಯವರಲ್ಲಿ ಗಂಡ ಯಾರು ಅಂತ ಅವಳಿಗೆ ಥಟ್ಟನೆ ಗೊತ್ತಾಗುತ್ತಿತ್ತು. "ಅದೋ, ನನ್ನ ಹೊಲಿಗೆ!" ಅನ್ನುತ್ತಿದ್ದಳು. ಅನ್ನುವಷ್ಟರಲ್ಲಿ ಹೊಲಿಗೆ ನೆಲ ಸೇರಿರುತ್ತಿತ್ತು.

"ಅಲ್ಲಾ ರೀ," ಅಂತ ಒಮ್ಮೆ ಕೇಳಿದಳು, "ಗುಟ್ಟಿನ ಜಾಗ ಅಂತೀರ, ಬಾಗಿಲಲ್ಲಿ ಬಂದೂಕು ಹಿಡ್ಕೊಂಡು ನಿಂತ್ಕೊಳ್ತೀರ. ದಾರೀಲಿ ಹೋಗೋ ನಾಯಿಗೂ ಗೊತ್ತಾಗಲ್ವಾ, ಇಲ್ಲೇನೋ ಇದೆ ಅಂತ?"

"ಹೌದು."

"ಸುಮ್ನೆ ಬೀಗ ಜಡಿದು ಹೋಗಿದ್ರೆ ಆ ಹೀರೋಗೆ ಜನ್ಮದಲ್ಲಿ ಸಿಗ್ತಿರಲಿಲ್ಲ."

"ಹೌದು."

"ಮತ್ತೆ?"

"ಬೀಗ ಜಡಿದ್ರೆ ನನಗೆ ಕೆಲಸ ಇರಲ್ಲ."

ಇನ್ನೊಂದು ಸಲ, "ಒಳಗೆ ನಿಜವಾಗ್ಲೂ ಮೊಸಳೆ ಇತ್ತಾ?" ಅಂದಳು.

"ಗೊತ್ತಿಲ್ಲ. ನಾನು ಹೊರಗಿದ್ದೆ."

ಅದು ಸುಳ್ಳಲ್ಲ. ಬಾಗಿಲಿನ ಸೆಟ್ಟೇ ಬೇರೆ, ಒಳಗಿನ ಸೆಟ್ಟೇ ಬೇರೆ. ಬಾಗಿಲು ಒಂದು ಕಡೆ ಕಟ್ಟುತ್ತಾರೆ, ಸಿಂಹಾಸನ, ಮೊಸಳೆ, ಕೆಂಪು ದೀಪ ಎಲ್ಲ ಇನ್ನೊಂದು ಕಡೆ, ಇನ್ಯಾವತ್ತೋ. ಬಾಗಿಲಣ್ಣ ಕಾಯುತ್ತಿದ್ದ ಬಾಗಿಲುಗಳ ಹಿಂದೆ ಇರುತ್ತಿದ್ದದ್ದು ಪ್ಲೈವುಡ್ಡಿಗೆ ಕೊಟ್ಟ ಊರೆಗೋಲು, ಒಂದು ಬಣ್ಣದ ಡಬ್ಬ, ಸಿಕ್ಕರೆ ಒಬ್ಬ ನಿದ್ದೆ ಹೊಡೆಯುವ ಲೈಟಿನವನು. ಬಾಗಿಲಣ್ಣ ಅದನ್ನು ಯಾರಿಗೂ ಬಿಡಿಸಿ ಹೇಳಲು ಹೋಗಲಿಲ್ಲ. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಎರಡು ಮಾತು ಆಡುವ ಆಸಾಮಿ ಅಲ್ಲ ಅವನು.

ವರ್ಷಗಟ್ಟಲೆ ಒಂದೇ ಜಾಗಕ್ಕೆ ಏಟು ತಿಂದು ಕತ್ತಿಗೆ ತನ್ನದೇ ಬುದ್ಧಿ ಬಂದುಬಿಟ್ಟಿತ್ತು. ಹಿಂದಿನಿಂದ ಯಾರು ಮುಟ್ಟಲಿ, ಬಾಗಿಲಣ್ಣ ಎಡಕ್ಕೆ ಬೀಳುತ್ತಿದ್ದ. ಕ್ಷೌರದವನು ಕತ್ತಿನ ಹಿಂದೆ ಬ್ರಷ್ ಆಡಿಸಿದರೆ ಕುರ್ಚಿಯಿಂದ ಕೆಳಗೆ. ಬಸ್ಸಿನಲ್ಲಿ ಹೆಂಗಸೊಬ್ಬಳು "ಸ್ವಲ್ಪ ಮುಂದೆ ಹೋಗಿ" ಅಂತ ಭುಜ ತಟ್ಟಿದ್ದಕ್ಕೆ ಅವಳ ತರಕಾರಿ ಬುಟ್ಟಿಯ ಪಕ್ಕಕ್ಕೇ ಬಿದ್ದು, ಬುಟ್ಟಿಯಲ್ಲಿದ್ದ ಒಂದು ಟೊಮೆಟೊಗೂ ನೋವಾಗದ ಹಾಗೆ ಎದ್ದು ನಿಂತಿದ್ದ. ಮಗಳು ಚಿಕ್ಕವಳಿದ್ದಾಗ ಅಪ್ಪನನ್ನು ಬೀಳಿಸುವುದೇ ಅವಳ ಆಟ. ಈಗ ಅವಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ, ಬಂದಾಗ ಈಗಲೂ ಒಂದು ಸಲ ಬೀಳಿಸಿಯೇ ಹೋಗುತ್ತಾಳೆ. ಮನೆಯಲ್ಲಿ ಎಲ್ಲರೂ ಅವನನ್ನು ಎದುರಿನಿಂದ ಬಂದೇ ಮಾತಾಡಿಸುವುದು ರೂಢಿ.

ಒಬ್ಬರು ಮಾತ್ರ ಅವನನ್ನು ನಂಬುತ್ತಿರಲಿಲ್ಲ. ಅವನ ಅತ್ತೆ.

ಮದುವೆಯಾದ ಹೊಸದರಲ್ಲಿ ಅತ್ತೆ ತನ್ನ ಅಕ್ಕತಂಗಿಯರನ್ನೆಲ್ಲ ಕಟ್ಟಿಕೊಂಡು ಸಿನಿಮಾಕ್ಕೆ ಹೋಗಿದ್ದರು. ಅಳಿಯ ಸಿನಿಮಾದಲ್ಲಿ ಇದ್ದಾರೆ ಅಂತ ಬೀದಿಗೆಲ್ಲ ಸಾರಿದ್ದರು. ಕಣ್ಣು ಮಿಟುಕಿಸದೆ ಕೊನೆಯವರೆಗೂ ನೋಡಿದರು. ಅಳಿಯ ಕಾಣಲಿಲ್ಲ. "ಅಲ್ಲಿ ಬಿದ್ದಿದ್ರಲ್ಲಮ್ಮ, ಅವರೇ" ಅಂದಳು ಬಾಗಿಲಣ್ಣನ ಹೆಂಡತಿ. "ಬಿದ್ದಿರೋನು ಯಾರಾದ್ರೂ ಆಗಬಹುದು" ಅಂದರು ಅಕ್ಕತಂಗಿಯರು. ಆ ಅವಮಾನ ಅತ್ತೆ ಮರೆಯಲಿಲ್ಲ. ಈಗ ವಯಸ್ಸಾಗಿ ಮಗಳ ಮನೆಯಲ್ಲೇ, ಕಿಟಕಿ ಪಕ್ಕದ ಮಂಚದ ಮೇಲೆ ಅವರ ವಾಸ. ಯಾರಾದರೂ ಅಳಿಯನ ಕೆಲಸ ಏನು ಅಂತ ಕೇಳಿದರೆ, "ಸಿನಿಮಾದಲ್ಲಿದ್ದಾರೆ ಅಂತ ನನ್ನ ಮಗಳು ಹೇಳ್ತಾಳಪ್ಪ. ಬೆನ್ನು ನಾನೂ ನೋಡಿದ್ದೀನಿ" ಅನ್ನುತ್ತಿದ್ದರು.

ಬಾಗಿಲಣ್ಣ ಅದಕ್ಕೆ ಎಂದೂ ಉತ್ತರ ಕೊಟ್ಟವನಲ್ಲ. ಆದರೆ ಸಿನಿಮಾ ಮುಗಿಸಿ ಹೊರಗೆ ಬಂದಾಗ ಅವನು ಗೋಡೆಗೆ ಅಂಟಿಸಿದ ಪೋಸ್ಟರಿನ ಮುಂದೆ ಒಂದು ಗಳಿಗೆ ಹೆಚ್ಚಾಗಿಯೇ ನಿಲ್ಲುತ್ತಿದ್ದ. ಅದನ್ನು ಹೆಂಡತಿ ನೋಡಿದ್ದಳು. ಒಂದೇ ಒಂದು ಸಲ ಹೆಂಡತಿ, ಅತ್ತೆ ಇಬ್ಬರ ಕಣ್ಣೆದುರು ಪರದೆಯ ಮೇಲೆ ತನ್ನ ಮುಖ ಬರಬೇಕು, ಅಷ್ಟೇ ಅವನ ಆಸೆ. ಬಾಯಿ ಬಿಟ್ಟು ಹೇಳಿರಲಿಲ್ಲ.

ಹೇಳಿದ್ದರೂ ಪ್ರಯೋಜನವಿರಲಿಲ್ಲ, ಕಾಲ ಮುಗಿಯುತ್ತಾ ಬಂದಿತ್ತು. ಈಗ ಯಾರೂ ಅಡಗುತಾಣ ಕಟ್ಟುವುದಿಲ್ಲ. ಒಂದು ಹಸಿರು ಬಟ್ಟೆ ಇಳಿಬಿಟ್ಟು, ಕಂಪ್ಯೂಟರಿನಲ್ಲಿ ಗುಹೆ ಬಿಡಿಸುತ್ತಾರೆ. ಕಾವಲಿನವರನ್ನೂ ಅಲ್ಲೇ ಬಿಡಿಸಿಕೊಳ್ಳುತ್ತಾರೆ. ಅವರಿಗೆ ಊಟ ಬೇಡ, ಬಸ್ಸಿನ ಖರ್ಚು ಬೇಡ. ಬಾಗಿಲಣ್ಣ ಮನೆಯಲ್ಲಿ ಕೂತು ಹೆಂಡತಿಗೆ ಗುಂಡಿ ಆರಿಸಿಕೊಡುವ ದಿನಗಳು ಹೆಚ್ಚಾದವು.

ಅಂಥ ಹೊತ್ತಿನಲ್ಲಿ ಒಬ್ಬ ಹೊಸ ನಿರ್ದೇಶಕಿ ಬಂದಳು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ, ಹಳೇ ಸಿನಿಮಾಗಳನ್ನು ನೋಡಿ ಬೆಳೆದವಳು. ಅವಳಿಗೆ ಮರದ್ದೇ ಬಾಗಿಲು ಬೇಕು, ಜೀವ ಇರುವ ಕಾವಲಿನವನೇ ಬೇಕು. ಈಗ ತಲೆ ಪೂರ್ತಿ ನೆರೆತಿದ್ದ ಫೈಟ್ ಮಾಸ್ಟರ್ ನೇರ ಬಾಗಿಲಣ್ಣನನ್ನು ಕರೆಸಿದರು.

"ಅಣ್ಣಾ, ಎಲ್ಲಾ ಸಿನಿಮಾದಲ್ಲೂ ಕಾವಲಿನವನು ಒಂದೇ ಏಟಿಗೆ ಬೀಳ್ತಾನೆ ಅಲ್ವಾ?" ಅಂದಳು ನಿರ್ದೇಶಕಿ.

"ಹೌದು ಮೇಡಂ."

"ನಮ್ಮದರಲ್ಲಿ ಬೀಳಲ್ಲ. ಹೀರೋ ಹೊಡೀತಾನೆ. ನೀವು ಹಾಗೇ ನಿಂತಿರ್ತೀರ. ನಿಧಾನಕ್ಕೆ ತಿರುಗಿ ಅವನ ಮುಖ ನೋಡ್ತೀರ. ಕ್ಯಾಮೆರಾ ನಿಮ್ಮ ಮುಖದ ಹತ್ತಿರಕ್ಕೆ ಬರುತ್ತೆ. ಹೀರೋಗೆ ಎದೆ ಧಸಕ್ಕನ್ನಬೇಕು. ಆಮೇಲೆ ಎರಡನೇ ಏಟು ಹೊಡೀತಾನೆ, ಆಗ ಬೀಳಿ."

ಬಾಗಿಲಣ್ಣ ಕೆನ್ನೆ ಮುಟ್ಟಿ ನೋಡಿಕೊಂಡ. "ಮುಖದ ಹತ್ತಿರಕ್ಕಾ?" ಅಂದ.

"ಇಷ್ಟು ಹತ್ತಿರಕ್ಕೆ," ಅಂತ ಅವಳು ಕೈ ಅಳತೆ ತೋರಿಸಿದಳು.

ಆ ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ, "ಈ ಸಲ ಮುಖ ಬರುತ್ತೆ."

ಹೊಲಿಗೆ ಯಂತ್ರ ನಿಂತಿತು. ಮಂಚದ ಮೇಲಿಂದ ಅತ್ತೆ, "ಯಾರ ಮುಖ?" ಅಂದರು.

"ನನ್ನದು."

"ನೋಡೋಣ," ಅಂದರು ಅತ್ತೆ. ಹಾಗೆ ಅಂದವರೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಎದುರು ಮನೆಯವಳಿಗೆ ಕೂಗಿ ಹೇಳಿದರು. ಎದುರು ಮನೆಯವಳಿಗೆ ಗೊತ್ತಾದರೆ ಬೀದಿಗೆ ಗೊತ್ತಾದ ಹಾಗೆ. ಕೆಳಗಿನ ಇಸ್ತ್ರಿಯವನು ಅಂದೇ, "ಎಲ್ಲಾರೂ ಒಟ್ಟಿಗೇ ಹೋಗೋಣ ಅಣ್ಣಾ" ಅಂತ ತೀರ್ಮಾನ ಮಾಡಿಬಿಟ್ಟ.

ಚಿತ್ರೀಕರಣದ ದಿನ ಬಂತು. ಕಬ್ಬಿಣದ ಹಾಗೆ ಬಣ್ಣ ಬಳಿದ ದೊಡ್ಡ ಬಾಗಿಲು, ಪಕ್ಕದಲ್ಲಿ ಉರಿಯುವ ಪಂಜು. ಬಾಗಿಲಣ್ಣ ಬೆನ್ನು ಕೊಟ್ಟು ನಿಂತ. ನಾಯಕ ಹಿಂದಿನಿಂದ ಬಂದು ಕತ್ತಿಗೆ ಹಗುರವಾಗಿ ಒಂದು ಕೊಟ್ಟ.

ಬಾಗಿಲಣ್ಣ ಎಡಕ್ಕೆ ಬಿದ್ದ. ಬಂದೂಕು ಬಲಕ್ಕೆ ಹೋಯಿತು. ದೂಳು ಹಾರಲಿಲ್ಲ.

"ಅಣ್ಣಾ, ಬೀಳಬಾರದು," ಅಂದಳು ನಿರ್ದೇಶಕಿ.

"ಹೌದು ಮೇಡಂ. ತಪ್ಪಾಯ್ತು."

ಮತ್ತೆ ನಿಂತ, ಮತ್ತೆ ಬಿದ್ದ. ನಾಯಕ ಒಳ್ಳೆಯ ಹುಡುಗ, ಪ್ರತಿ ಸಲವೂ ಕೈ ಹಿಡಿದು ಎಬ್ಬಿಸಿ "ಸಾರಿ ಅಂಕಲ್" ಅನ್ನುತ್ತಿದ್ದ. ಮುಟ್ಟದೆ ಬರೀ ಗಾಳಿಯಲ್ಲಿ ಕೈ ಬೀಸು ಅಂದರು, ಗಾಳಿ ತಾಗಿದ್ದಕ್ಕೇ ಬಿದ್ದ. ಕೈಯನ್ನೇ ಬೀಸಬೇಡ, ಸುಮ್ಮನೆ ಹಿಂದೆ ಬಂದು ನಿಲ್ಲು ಅಂದರು, ಬೂಟಿನ ಸದ್ದಿಗೆ ಬಿದ್ದ. ಫೈಟ್ ಮಾಸ್ಟರ್ ತಲೆ ಚಚ್ಚಿಕೊಂಡರು.

"ಲೋ, ನಿಂತ್ಕೊಳ್ಳೋ! ಜೀವಮಾನ ಎಲ್ಲಾ ಬೀಳು ಬೀಳು ಅಂತ ಬಡ್ಕೊಂಡೆ. ಈಗ ನಿಲ್ಲು ಅಂತ ಬಡ್ಕೊಳ್ಳೋ ಹಾಗಾಯ್ತಲ್ಲೋ!"

"ನಿಲ್ತೀನಿ ಮಾಸ್ಟ್ರೇ," ಅಂದ ಬಾಗಿಲಣ್ಣ ನೆಲದ ಮೇಲಿಂದ.

ಕೊನೆಗೆ ಯಾರೋ ಒಂದು ಉಪಾಯ ಹೇಳಿದರು. ಅಂಗಿಯ ಒಳಗೆ ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಬಾಗಿಲಿನ ಕೊಂಡಿಗೆ ಬಿಗಿದರೆ ಬೀಳಬೇಕು ಅಂದರೂ ಬೀಳುವುದಕ್ಕಾಗುವುದಿಲ್ಲ. ಬಿಗಿದರು. ನಾಯಕ ಹೊಡೆದ. ಬಾಗಿಲಣ್ಣ ಬಾಗಿಲು ಸಮೇತ ಬಿದ್ದ. ಖಳನಾಯಕನ ಭಯಂಕರ ಅಡಗುತಾಣದೊಳಗೆ ಲೈಟಿನವನು ಊಟದ ಡಬ್ಬ ಬಿಚ್ಚಿಕೊಂಡು ಕೂತಿದ್ದ. ತುತ್ತು ಬಾಯಿಯ ಹತ್ತಿರವೇ ನಿಂತಿತು.

ನಗು ನಿಂತ ಮೇಲೆ ನಿರ್ದೇಶಕಿ ಫೈಟ್ ಮಾಸ್ಟರರನ್ನು ಪಕ್ಕಕ್ಕೆ ಕರೆದಳು. ಬಾಗಿಲು ರಿಪೇರಿಯಾಗುವ ಹೊತ್ತಿಗೆ ಬೇರೆ ಯಾರನ್ನಾದರೂ ನೋಡಿ, ಕುಸ್ತಿಯವರು ಒಬ್ಬರಿದ್ದಾರಂತೆ ಅಂದಳು. ಬಾಗಿಲಣ್ಣನಿಗೆ ಕೇಳಿಸಿತು. ಕೇಳಿಸದವನ ಹಾಗೆ ಹಗ್ಗ ಬಿಚ್ಚಿಕೊಳ್ಳುತ್ತಿದ್ದ.

"ನಾಳೆ ಬೆಳಿಗ್ಗೆ ಒಂದೇ ಒಂದು ಸಲ ನೋಡಿ ಮೇಡಂ," ಅಂದರು ಫೈಟ್ ಮಾಸ್ಟರ್. "ಬಿದ್ರೆ ನಾನೇ ಮನೆಗೆ ಕಳಿಸ್ತೀನಿ."

ಮನೆಗೆ ಬಂದವನ ಮುಖ ನೋಡಿ ಹೆಂಡತಿ ನೂಲು ಕಡಿಯುವುದನ್ನು ಬಿಟ್ಟಳು.

"ಏನಾಯ್ತು?"

"ಬಿದ್ದೆ."

"ಬೀಳೋದೇ ತಾನೆ ನಿಮ್ಮ ಕೆಲಸ?"

"ಈ ಸಲ ಬೀಳಬಾರದಿತ್ತು." ಚಪ್ಪಲಿ ಬಿಡುತ್ತಾ ಹೇಳಿದ, "ನಾಳೆನೂ ಬಿದ್ರೆ ಬೇರೆಯವನು ಬರ್ತಾನೆ."

ಅವಳು ಎದ್ದಳು. ಹಾಸಿಗೆ ಎಳೆದು ಕೋಣೆಯ ನಡುವೆ ಹಾಕಿದಳು. "ನಿಂತ್ಕೊಳ್ಳಿ ಇಲ್ಲಿ. ನಾನು ಹೊಡೀತೀನಿ, ನೀವು ಬೀಳಬೇಡಿ."

ಹೊಡೆದಳು, ಬಿದ್ದ. ಕೈಯಿಂದ ಹೊಡೆದಳು, ದಿಂಬಿನಿಂದ ಹೊಡೆದಳು, ಬಟ್ಟೆ ಅಳೆಯುವ ಟೇಪನ್ನು ಕತ್ತಿನ ಮೇಲೆ ಸುಮ್ಮನೆ ಇಟ್ಟಳು. ಎಲ್ಲಕ್ಕೂ ಬಿದ್ದ. ಅತ್ತೆ ಮಂಚದ ಮೇಲೆ ನೆಟ್ಟಗೆ ಎದ್ದು ಕೂತಿದ್ದರು. ಇಷ್ಟು ಒಳ್ಳೆಯ ಸಂಜೆ ಅವರಿಗೆ ಎಷ್ಟೋ ಕಾಲದಿಂದ ಸಿಕ್ಕಿರಲಿಲ್ಲ.

"ಲೇ, ನನಗೂ ಒಂದು ಸಲ ಕೊಡೇ."

"ಸುಮ್ನಿರಮ್ಮ."

"ಅಲ್ವೇ, ಮದುವೆ ಆದಾಗಿನಿಂದ ಕಾಯ್ತಾ ಇದ್ದೀನಿ."

ಕೊಟ್ಟರು. ಅತ್ತೆಯ ಏಟಿಗೂ ಬಿದ್ದ. "ಅಯ್ಯೋ, ನನ್ನ ಕೈಲೂ ಬಿದ್ರಲ್ಲೇ ಅಳಿಯಂದ್ರು!" ಅಂತ ಅತ್ತೆ ಕೈ ನೋಡಿಕೊಂಡರು.

ಕೊನೆಗೆ ಎಲ್ಲರಿಗೂ ಸುಸ್ತಾಯಿತು. ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕೂತು ಬೆವರು ಒರೆಸಿಕೊಂಡಳು. "ಇರು, ಟೀ ಮಾಡ್ತೀನಿ" ಅಂತ ಬಾಗಿಲಣ್ಣನೇ ಅಡುಗೆಮನೆಗೆ ಹೋದ. ಹೋಗುವಾಗ ಅವನ ಹೆಗಲು ಇಳಿಬಿದ್ದಿದ್ದನ್ನು ಇಬ್ಬರೂ ನೋಡಿದರು.

ಅತ್ತೆಗೆ ಟೀ ತುಂಬಾ ಇರಬೇಕು, ಲೋಟದ ಕಂಠದವರೆಗೆ. ಒಂದು ಎಳೆ ಕಡಿಮೆಯಾದರೂ ಮಗಳ ಮನೆಯಲ್ಲಿ ತನ್ನನ್ನು ಯಾರೂ ಕೇಳುವವರಿಲ್ಲ ಅನ್ನುತ್ತಾರೆ. ಬಾಗಿಲಣ್ಣ ಹಾಗೇ ತುಂಬಿಕೊಂಡು ಬಂದು, ಮಂಚದ ಪಕ್ಕದ ಸ್ಟೂಲಿನ ಕಡೆ ತಿರುಗಿದ. ಅವನ ಕತ್ತು ಅತ್ತೆಯ ಕೈಗೆ ಸರಿಯಾಗಿ ಸಿಕ್ಕಿತು. ಅಭ್ಯಾಸ ಇನ್ನೂ ಮುಗಿದಿಲ್ಲ ಅಂದುಕೊಂಡರೋ, ಅಥವಾ ಆಸೆ ತೀರಿರಲಿಲ್ಲವೋ, ಅತ್ತೆ ಪಟಾರನೆ ಒಂದು ಬಿಟ್ಟರು.

ಬಾಗಿಲಣ್ಣ ಬೀಳಲಿಲ್ಲ.

ಅವನ ಮೈ ಒಂದು ಸಲ ಎಡಕ್ಕೆ ವಾಲಿತು. ಲೋಟ ವಾಲಲಿಲ್ಲ. ಕಣ್ಣು ಟೀಯ ಮೇಲೆ, ಮೈ ಕಂಬದ ಹಾಗೆ. ಪಾದ ಮಾತ್ರ ಆಡಿಸುತ್ತಾ ಅವನು ನಿಧಾನಕ್ಕೆ ತಿರುಗಿದ. ಟೀ ಕಂಠದಲ್ಲೇ ನಡುಗಿ ಅಲ್ಲೇ ನಿಂತಿತು. ಒಂದು ಹನಿ ಕೆಳಗೆ ಬೀಳಲಿಲ್ಲ. ಕತ್ತು ಬೀಳುವುದನ್ನು ಕಲಿಯುವ ಎಷ್ಟೋ ಮೊದಲು ಕೈ ಚೆಲ್ಲದಿರುವುದನ್ನು ಕಲಿತಿತ್ತು.

ಹೆಂಡತಿ ಹಾಸಿಗೆಯಿಂದ ಎದ್ದು ನಿಂತಳು.

"ಅಮ್ಮಾ," ಅಂದಳು ಹೆಂಡತಿ ಪಿಸುಗುಟ್ಟುತ್ತಾ, "ಇನ್ನೊಂದು ಸಲ ಹೊಡಿ."

ಹೊಡೆದರು. ನಿಂತೇ ಇದ್ದ.

"ಇನ್ನೊಂದು?" ಅಂದರು ಅತ್ತೆ ಆಸೆಯಿಂದ.

"ಸಾಕು. ಟೀ ಆರುತ್ತೆ," ಅಂದ ಬಾಗಿಲಣ್ಣ.

ಬೆಳಿಗ್ಗೆ ಸೆಟ್ಟಿನಲ್ಲಿ ಕುಸ್ತಿಯವನು ಆಗಲೇ ಬಂದು ಕಪ್ಪು ಅಂಗಿ ಅಳತೆ ನೋಡುತ್ತಿದ್ದ. ಬಾಗಿಲಣ್ಣ ನಿರ್ದೇಶಕಿಯ ಎದುರಿಗೆ ಹೋಗಿ ನಿಂತ.

"ಮೇಡಂ, ಬಂದೂಕು ಬೇಡ. ಒಂದು ಟೀ ಕೊಡಿ."

"ಕುಡಿಯೋಕಾ?"

"ಹಿಡ್ಕೊಳ್ಳೋಕೆ."

ಅವಳಿಗೆ ಅರ್ಥವಾಗಲಿಲ್ಲ. ಫೈಟ್ ಮಾಸ್ಟರಿಗೆ ಅರ್ಧ ಅರ್ಥವಾಯಿತು. ಬೇಗ ಒಂದು ಲೋಟ ತರಿಸಿ, "ತುಂಬಿಸ್ರೋ, ಪೂರ್ತಿ ತುಂಬಿಸಿ" ಅಂತ ಕೂಗಿದರು. ಬಂದೂಕನ್ನು ಗೋಡೆಗೆ ಒರಗಿಸಿ, ಹಬೆಯಾಡುವ ಲೋಟ ಹಿಡಿದು, ಬಾಗಿಲಣ್ಣ ಖಳನಾಯಕನ ಬಾಗಿಲಲ್ಲಿ ನಿಂತ. ಕ್ಯಾಮೆರಾ ಓಡಿತು. ನಾಯಕ ಬಂದ. ಹಿಂದಿನ ದಿನದ ಸಂಕೋಚದಲ್ಲಿ ಕೈಯ ಅಳತೆ ತಪ್ಪಿ ಸ್ವಲ್ಪ ಜೋರಾಗಿಯೇ ಹೊಡೆದ.

ಬಾಗಿಲಣ್ಣ ನಿಂತಿದ್ದ.

ನಿಧಾನಕ್ಕೆ, ಟೀಯ ಮಟ್ಟ ಕದಲದ ಹಾಗೆ, ತಿರುಗಿದ. ಕ್ಯಾಮೆರಾ ಹತ್ತಿರ ಬಂತು. ಅವನು ಟೀ ನೋಡಿದ, ಚೆಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡ, ಕಣ್ಣೆತ್ತಿ ನಾಯಕನನ್ನು ನೋಡಿದ. ಅದರಲ್ಲಿ ಕೋಪ ಇರಲಿಲ್ಲ. ಬಿಸಿ ಲೋಟ ಹಿಡಿದವನನ್ನು ಹೀಗೆ ಹಿಂದಿನಿಂದ ಹೊಡೆಯಬಹುದೇನಪ್ಪಾ, ನಿನಗೆ ಮನೆಯಲ್ಲಿ ಯಾರೂ ಹೇಳಿಕೊಡಲಿಲ್ಲವೇ, ಅನ್ನುವ ನೋಟ ಅದು. ನಾಯಕ ನಿಜವಾಗಿಯೇ ಒಂದು ಹೆಜ್ಜೆ ಹಿಂದೆ ಸರಿದ.

ಈಗ ಎರಡನೇ ಏಟು ಬೀಳಬೇಕು, ಬಾಗಿಲಣ್ಣ ಕೆಳಗೆ ಬೀಳಬೇಕು. ಅಲ್ಲೇ ತೊಡಕು ಬಂತು. ಕೈಯಲ್ಲಿ ಟೀ ಇದೆ, ಬೀಳುವುದು ಹೇಗೆ? ಇದನ್ನು ಯಾರೂ ಯೋಚಿಸಿರಲಿಲ್ಲ. ಬಾಗಿಲಣ್ಣ ಒಂದು ಕ್ಷಣ ಯೋಚಿಸಿದ. ಆಮೇಲೆ ಲೋಟವನ್ನು ನಾಯಕನ ಮುಂದೆ ಚಾಚಿದ.

"ಸ್ವಲ್ಪ ಹಿಡ್ಕೊಳ್ಳಿ."

ನಾಯಕ ಹಿಡಿದುಕೊಂಡ. ಬಾಗಿಲಣ್ಣ ಬೆನ್ನು ತಿರುಗಿಸಿ, ಕಾಲರ್ ಸರಿಮಾಡಿಕೊಂಡು, ಕತ್ತನ್ನು ಸ್ವಲ್ಪ ಬಗ್ಗಿಸಿ ಕಾದ. ನಾಯಕ ಒಂದು ಕೈಯಲ್ಲಿ ಟೀ ಹಿಡಿದು ಇನ್ನೊಂದು ಕೈಯಿಂದ ಹಗುರವಾಗಿ ತಟ್ಟಿದ. ಬಾಗಿಲಣ್ಣ ಎಡಕ್ಕೆ ಬಿದ್ದ.

ಕಟ್ ಅನ್ನಬೇಕಾದವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಲೈಟಿನವರು ಏಣಿ ಹಿಡಿದುಕೊಂಡು ನಗುತ್ತಿದ್ದರು. ಕುಸ್ತಿಯವನು ಅಂಗಿ ಬಿಚ್ಚಿಟ್ಟು ಕ್ಯಾಂಟೀನಿಗೆ ಹೋದ. ಕಟ್ಟಲೆಯ ಪ್ರಕಾರ ಬಿದ್ದಲ್ಲೇ ಬಿದ್ದಿದ್ದ ಬಾಗಿಲಣ್ಣ, "ಮತ್ತೆ ತಪ್ಪಾಯ್ತಾ ಮೇಡಂ?" ಅಂತ ನೆಲಕ್ಕೇ ಕೇಳಿದ.

"ಇದೇ ಇರಲಿ ಅಣ್ಣಾ," ಅಂದಳು ಅವಳು. "ಕೂದಲೆಳೆಯಷ್ಟೂ ಬದಲಾಗೋದು ಬೇಡ."

ಸಿನಿಮಾ ಬಂದ ದಿನ ಬೀದಿಗೆ ಬೀದಿಯೇ ಮಧ್ಯಾಹ್ನದ ಆಟಕ್ಕೆ ಹೊರಟಿತು. ಇಸ್ತ್ರಿಯವನು ಪೆಟ್ಟಿಗೆ ಆರಿಸಿ ಬಂದ, ಎದುರು ಮನೆಯವಳು ಮಕ್ಕಳನ್ನೆಲ್ಲ ಎಳೆದುಕೊಂಡು ಬಂದಳು. ಅತ್ತೆಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದರು. ಗಂಡಹೆಂಡತಿ ಒಂದು ಸಾಲಿನಲ್ಲಿ ಕೂತರು. ಅತ್ತೆಗೆ ಆ ಸಾಲಿನಲ್ಲಿ ಜಾಗ ಸಾಲದೆ ಹಿಂದಿನ ಸಾಲಿನಲ್ಲಿ, ಸರಿಯಾಗಿ ಅಳಿಯನ ಬೆನ್ನ ಹಿಂದೆ ಕೂರಿಸಿದರು. ಆಗ ಯಾರಿಗೂ ಏನೂ ಹೊಳೆಯಲಿಲ್ಲ.

ಕಬ್ಬಿಣದ ಬಾಗಿಲು ಬಂತು. ಪಂಜು ಬಂತು. ಬೆನ್ನು ಬಂತು. "ನನ್ನ ಹೊಲಿಗೆ," ಅಂದಳು ಹೆಂಡತಿ. ಬಾಗಿಲಣ್ಣ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾಯಕ ಬೆಕ್ಕಿನ ಹಾಗೆ ಬಂದ, ಹೊಡೆದ. ಪರದೆಯ ಮೇಲಿನವನು ಬೀಳಲಿಲ್ಲ. ನಿಧಾನಕ್ಕೆ ತಿರುಗತೊಡಗಿದ. ಕಿವಿ ಕಂಡಿತು, ಕೆನ್ನೆಯ ಅಂಚು ಕಂಡಿತು.

"ಅಯ್ಯೋ, ನಮ್ಮ ಅಳಿಯಂದ್ರು!" ಅಂತ ಅತ್ತೆ ಸಂತೋಷಕ್ಕೆ ಕೂಗಿ, ಮುಂದಿದ್ದ ಕತ್ತಿಗೆ ಪಟಾರನೆ ಒಂದು ಬಿಟ್ಟರು.

ಬಾಗಿಲಣ್ಣ ಎಡಕ್ಕೆ ಬಿದ್ದ.

ಕುರ್ಚಿಗಳ ನಡುವೆ, ಚಪ್ಪಲಿಗಳ ಪಕ್ಕ, ಯಾರೋ ಚೆಲ್ಲಿದ ಪಾಪ್‌ಕಾರ್ನಿನ ಮೇಲೆ ಅವನು ಮಲಗಿದ್ದ. ಮೇಲೆ ಇಡೀ ಚಿತ್ರಮಂದಿರ ಉಸಿರು ಹಿಡಿದಿತ್ತು. ತನ್ನದೇ ದನಿ ದೊಡ್ಡದಾಗಿ ಕೇಳಿಸಿತು, "ಸ್ವಲ್ಪ ಹಿಡ್ಕೊಳ್ಳಿ." ಆಮೇಲೆ ನಗು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ, ಬಾಲ್ಕನಿಯವರೆಗೆ ಹೋಗಿ ತಿರುಗಿ ಬಂದ ನಗು. ಇಸ್ತ್ರಿಯವನು ಸಿಳ್ಳೆ ಹೊಡೆಯುತ್ತಿದ್ದ.

ಹೆಂಡತಿ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಪಕ್ಕಕ್ಕೆ ತಿರುಗಿದಳು. ಕುರ್ಚಿ ಖಾಲಿ. ಬಗ್ಗಿ ನೋಡಿದಳು.

"ಅಯ್ಯೋ ರೀ! ನೀವು ನೋಡಲೇ ಇಲ್ವಾ?"

"ಬಂತಾ, ಮುಖ?"

"ಬಂತು. ಗೋಡೆ ತುಂಬಾ ಬಂತು."

ತಾನು ಹೇಗೆ ಕಂಡೆ ಅಂತ ಎಂದೂ ಕೇಳದವನು ಅಂದು ಕೇಳಿದ, "ಹೇಗಿತ್ತು?"

ಅವಳು ಯೋಚಿಸಿದಳು. "ಅಮ್ಮನಿಗೆ ಟೀ ತಂದುಕೊಡ್ತೀರಲ್ಲ, ಹಾಗೇ ಇತ್ತು. ಏಳಿ ಈಗ."

"ಇರು," ಅಂದ ಬಾಗಿಲಣ್ಣ. "ಅವನು ಒಳಗೆ ಹೋಗಲಿ."

ಹಿಂದಿನ ಸಾಲಿನಲ್ಲಿ ಅತ್ತೆ ಅಕ್ಕಪಕ್ಕದವರಿಗೆಲ್ಲ ಕೈ ತೋರಿಸಿ ಹೇಳುತ್ತಿದ್ದರು, "ಅವರೇ ನಮ್ಮ ಅಳಿಯಂದ್ರು. ನೋಡಿ, ಇಲ್ಲೇ ಬಿದ್ದಿದ್ದಾರೆ."

"ನಾಳೆ ಇನ್ನೊಂದು ಸಲ ಬರೋಣ," ಅಂದಳು ಹೆಂಡತಿ ಅವನ ಬೆನ್ನಿನ ಪಾಪ್‌ಕಾರ್ನ್ ಕೊಡವುತ್ತಾ, ಕತ್ತಿಗೆ ಕೈ ತಾಗದ ಹಾಗೆ. "ಅಮ್ಮನ್ನ ಮುಂದಿನ ಸಾಲಲ್ಲಿ ಕೂರಿಸೋಣ. ನೀವು ಯಾವುದಕ್ಕೂ ಕೈಯಲ್ಲಿ ಒಂದು ಟೀ ಹಿಡ್ಕೊಂಡಿರಿ."

ಬಾಗಿಲಣ್ಣ ಹೆಂಡತಿಯ ಮಾತನ್ನು ತಮಾಷೆ ಅಂದುಕೊಳ್ಳುವ ಜಾತಿಯಲ್ಲ. ಮರುದಿನ ಎದುರಿನ ಅಂಗಡಿಯಿಂದ ಕಂಠದವರೆಗೆ ತುಂಬಿದ ಲೋಟ ಹಿಡಿದು, ಒಂದು ಹನಿ ಚೆಲ್ಲದೆ ರಸ್ತೆ ದಾಟಿ, ಚಿತ್ರಮಂದಿರದ ಮೆಟ್ಟಿಲು ಹತ್ತಿದ. ಹೆಂಡತಿಯೂ ಅತ್ತೆಯೂ ಆಗಲೇ ಒಳಗೆ ಹೋಗಿದ್ದರು. ಬಾಗಿಲಲ್ಲಿ ಟಿಕೆಟ್ ಹರಿಯುವವನು ಕೈ ಅಡ್ಡ ಹಾಕಿದ.

"ಟೀ ಒಳಗೆ ತಗೊಂಡು ಹೋಗೋ ಹಾಗಿಲ್ಲ ಯಜಮಾನ್ರೇ. ಹೊರಗಿನದು ಏನೂ ಬಿಡಲ್ಲ."

ಬಾಗಿಲಣ್ಣ ಅವನನ್ನು ನೋಡಿದ. ಅವನೂ ಕಪ್ಪು ಬಟ್ಟೆ ಹಾಕಿದ್ದ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ, ಒಳಗೆ ಏನು ನಡೆಯುತ್ತಿದೆ ಅಂತ ಅವನಿಗೂ ಸದ್ದಿನಿಂದ ಮಾತ್ರ ಗೊತ್ತಾಗುತ್ತಿತ್ತು. ಒಳಗೆ ಪರದೆ ಬೆಳಗಿತು. ಬಾಗಿಲಣ್ಣ ಲೋಟ ಚಾಚಿದ.

"ಸ್ವಲ್ಪ ಹಿಡ್ಕೊಳ್ಳಿ," ಅಂದ.

ಅವನು ಹಿಡಿದುಕೊಂಡ. ಬಾಗಿಲಣ್ಣ ಒಳಗೆ ಹೋದ.